ಸೆರಗಿಗೆ ಕತ್ತರಿ ಹಾಕಬ್ಯಾಡ

ಅವ್ವ ತೀರಿಕೊಂಡ ಮರುವರ್ಷ ವೈನಿ ಟ್ರಂಕು ತೆರೆದು ಸೀರೆಗಳನ್ನು ಹಂಚಿದರು. ನನಗೆ ಮೂರು ಇಳಕಲ್ ಸೀರೆ ಬಂದವು, ಹುಬ್ಬಳ್ಳಿಯ ಅಕ್ಕನಿಗೆ ಮೂರು. ಎಲ್ಲವೂ ಎಂಟು ಗಜದವು. ನಾನು ಉಡುವವಳಲ್ಲ, ನನ್ನ ಮಗಳಂತೂ ಉಡುವುದಿಲ್ಲ. ಪುಣೆಯ ಫ್ಲ್ಯಾಟಿನ ಕಪಾಟಿನಲ್ಲಿ ಡಾಂಬರು ಗುಳಿಗೆಯ ಜೊತೆ ಅವು ಎರಡು ವರ್ಷ ಮಲಗಿದ್ದವು. ಕಳೆದ ಮಳೆಗಾಲದಲ್ಲಿ ಒಂದು ದಿನ ಗಾಳಿಗೆ ಹಾಕೋಣವೆಂದು ಹಸಿರು ಸೀರೆಯನ್ನು ಬಿಚ್ಚಿದೆ. ಮಡಿಕೆಯ ಗೆರೆಯಗುಂಟ ಅದು ಪರ್ ಎಂದು ಸೀಳಿತು. ಯಾರೂ ಎಳೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ, ಸೋಫಾಕ್ಕೆ ನಾಲ್ಕು ಕುಷನ್ ಕವರು, ಒಂದು ಲೋಡು, ಮೇಲೆ ಹೊದೆಯಲು ಅದೇ ಬಣ್ಣದ ಒಂದು ತೆಳ್ಳನೆಯ ಕೌದಿ ಹೊಲಿಯುತ್ತೇನೆ ಎಂದೆ.

"ಅವ್ವನ ಸೀರಿಗೆ ಕತ್ತರಿ ಹಾಕ್ತಿ? ಕೈಯರ ಹೆಂಗ ಏಳ್ತದ ನಿನಗ?" ಎಂದವಳು ಫೋನ್ ಇಟ್ಟಳು. ಒಂದು ತಿಂಗಳು ಮಾತಿಲ್ಲ. ಸೀಳಿದ ಮಡಿಕೆಯ ಫೋಟೋ ಕಳಿಸಿದೆ. ಅದಕ್ಕೂ ಉತ್ತರವಿಲ್ಲ. ಆಮೇಲೆ ಒಂದು ದಿನ ಬಸ್ಸಿನ ಪಾರ್ಸಲಿನಲ್ಲಿ ಅವಳ ಪಾಲಿನ ದಾಳಿಂಬೆ ಬಣ್ಣದ ಸೀರೆ ಬಂತು. ಅವಳೂ ತನ್ನದನ್ನು ಬಿಚ್ಚಿ ನೋಡಿರಬೇಕು. ಒಳಗೆ ಒಂದು ಚೀಟಿ: "ಒಡಲಿಗೆ ಏನರ ಮಾಡ್ಕೊ. ಸೆರಗಿಗೆ ಕತ್ತರಿ ಹಾಕಬ್ಯಾಡ."

ಈ ಷರತ್ತು ಬರೀ ಭಾವನೆಯದಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆ ಅಥವಾ ಆರ್ಟ್ ಸಿಲ್ಕಿನದು. ಎರಡರ ಎಳೆಗಳನ್ನು ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿಯ ಹತ್ತಿರ ಕತ್ತರಿಸಿದರೆ ನೇಕಾರ ಒಂದೊಂದಾಗಿ ಸೇರಿಸಿದ್ದನ್ನು ಒಂದೇ ಏಟಿಗೆ ಬಿಡಿಸಿದ ಹಾಗೆ. ಆದ್ದರಿಂದ ಸೆರಗಿನ ತುದಿಯಿಂದ ಹಿಂದಕ್ಕೆ 60 ಇಂಚು ಅಳೆದು, ಒಡಲಲ್ಲಿ ಮಾತ್ರ ಒಮ್ಮೆ ಕತ್ತರಿಸಿದೆ. ಅಗಲಕ್ಕೆ ಸೀರೆಯ ಅಗಲವೇ ಸಾಕು. ಸೆರಗು, ಕೊಂಡಿ, ಅಂಚು ಎಲ್ಲ ಇದ್ದ ಹಾಗೇ ಇದ್ದು ಕೌದಿಯ ಮೇಲಿನ ಪದರವಾಯಿತು. ಕೆಳಗಿನ ಎರಡು ಪದರಕ್ಕೆ ನನ್ನ ಪಾಲಿನ ನೀಲಿ ಸೀರೆಯ ಒಡಲು. ಹಳೆಯ ಬಟ್ಟೆ ಒಂಟಿಯಾಗಿ ಎಳೆತ ತಾಳುವುದಿಲ್ಲ, ಮೂರು ಪದರ ಸೇರಿಸಿ ಒತ್ತಾಗಿ ಹೊಲಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕೌದಿಯ ಗುಟ್ಟೆಲ್ಲ ಇಷ್ಟೇ, ಅದಕ್ಕೆ ಹತ್ತಿ ತುಂಬುವ ಕೆಲಸವಿಲ್ಲ.

ಹೊಲಿಯುವ ಮುಂಚೆ ಒಂದು ತಪ್ಪು ಮಾಡಿದೆ. ಮಿಕ್ಕವುಗಳ ಜೊತೆಗೇ ಇನ್ನೊಂದು ಸೀರೆಯ ಕೆಂಪು ಸೆರಗನ್ನೂ ಬಕೆಟ್ಟಿನಲ್ಲಿ ನೆನೆಸಿದೆ. ಉಪ್ಪು ಹಾಕಿದರೆ ಬಣ್ಣ ಬಿಡುವುದಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ, ಹಾಕಿದೆ. ಬಿಟ್ಟಿತು. ಸೆರಗಿನ ಬಿಳಿಯ ತೆನೆಗಳೆಲ್ಲ ಗುಲಾಬಿಯಾದವು. ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಒಮ್ಮೆ ಉಜ್ಜಿ ನೋಡಿದ್ದರೆ ಗೊತ್ತಾಗುತ್ತಿತ್ತು. ಆಮೇಲೆ ಅಕ್ಕನ ಸೀರೆಯನ್ನು ತಣ್ಣೀರಿನಲ್ಲಿ ಒಂದನ್ನೇ ಅದ್ದಿ, ನೀರು ತಿಳಿಯಾಗುವ ತನಕ ಬದಲಿಸಿ, ನೆರಳಿಗೆ ಹಾಕಿದೆ.

ಕುಷನ್ನಿನ ಮುಖಕ್ಕೆ ಏನು? ಉಡಿ ತುಂಬಿಸಿಕೊಂಡ ಖಣಗಳು ಯಾವ ಹೆಂಗಸಿನ ಕಪಾಟಿನಲ್ಲಿಲ್ಲ ಹೇಳಿ! ನನ್ನಲ್ಲಿ ಹದಿನಾಲ್ಕಿದ್ದವು. ಗುಳೇದಗುಡ್ಡದ ಖಣ ಎಂದರೆ ನಮಗೆ ಊರಿನದು, ಇಲ್ಲಿ ಪುಣೆಯಲ್ಲಿ ಕೇಳಿದರೆ ಅವರದು. ಅವರ ಓಟಿಯಲ್ಲೂ ಅದೇ ಖಣ, ತೆಂಗಿನಕಾಯಿ. ತುಳಶಿಬಾಗಿನಲ್ಲಿ ಖಣದ ಪರ್ಸು, ಖಣದ ಫ್ರಾಕು, ಖಣದ ಟೊಪ್ಪಿಗೆ ಮಾರುವವನ ಮುಂದೆ "ಇದು ನಮ್ಮ ಬಾಗಲಕೋಟೆ ಜಿಲ್ಲೆಯ ಮಗ್ಗದ್ದು" ಎಂದು ನಾನು ಎಷ್ಟು ಸಲ ವಾದ ಮಾಡಿದ್ದೇನೋ. ಅವನು ನಕ್ಕು ಐದು ರೂಪಾಯಿ ಕೂಡ ಕಡಿಮೆ ಮಾಡುವುದಿಲ್ಲ.

ಅಂಗಡಿಯ ಕುಷನ್ 16 ಇಂಚಿನದು. ಅರ್ಧ ಇಂಚು ಹೊಲಿಗೆಗೆ ಬಿಟ್ಟು ಮುಖವನ್ನು 16.5ಕ್ಕೆ ಕತ್ತರಿಸಿದರೆ, ಮುಗಿದಾಗ 15.5 ಆಗಿ ದಿಂಬು ತುಂಬಿಕೊಂಡು ಕೂರುತ್ತದೆ. ಸರಿಯಾಗಿ 16 ಮಾಡಿದರೆ ಮೂಲೆಗಳು ಸೊರಗುತ್ತವೆ. ಆದರೆ ನನ್ನ ಖಣಗಳ ಅಗಲ 31 ಇಂಚು, 16.5ರ ಎರಡು ತುಂಡು ಬರುವುದಿಲ್ಲ. ಹಾಗಾಗಿ ಖಣವನ್ನು 11.5 ಇಂಚಿನ ಚೌಕ ಮಾಡಿ, ಸುತ್ತಲೂ ಹಸಿರು ಸೀರೆಯ ಅಂಚನ್ನು ಮೂರೂವರೆ ಇಂಚು ಅಗಲಕ್ಕೆ ತೆಗೆದು ಚೌಕಟ್ಟು ಕಟ್ಟಿದೆ. ಬಾಗಿಲ ಚೌಕಟ್ಟಿನ ಹಾಗೆ ಮೂಲೆಯಲ್ಲಿ ಓರೆಯಾಗಿ ಸೇರಿಸಬೇಕು. ಅಂಚನ್ನು ಬಗ್ಗಿಸಲು ಹೋದರೆ ಸುಕ್ಕುಗಟ್ಟುತ್ತದೆ. ಒಂದು ದಿಂಬಿಗೆ ಸುಮಾರು ಎರಡು ಗಜ, ಎಂಟು ಗಜದ ಸೀರೆಯ ಒಂದು ಬದಿಯ ಅಂಚು ನಾಲ್ಕಕ್ಕೆ ಸರಿಹೋಯಿತು. ಜೀರ್ಣವಾದ ಕಡೆಗೆಲ್ಲ ಹಿಂದಿನಿಂದ ಮಲ್‌ಮಲ್ ಬಟ್ಟೆ ಕೊಟ್ಟು ಕೈಯಿಂದ ದೊಡ್ಡ ಟಾಕೆ ಹಾಕಿದೆ.

ಹಿಂಬದಿಗೆ ಜಿಪ್ ಬೇಡವೆನಿಸಿತು. 16.5 ಉದ್ದ, 11.5 ಅಗಲದ ಎರಡು ತುಂಡು, ಒಂದೊಂದರ ಒಂದು ಬದಿ ಒಂದಿಂಚು ಮಡಿಚಿ ಹೊಲಿದು, ಒಂದರ ಮೇಲೊಂದು ನಾಲ್ಕೂವರೆ ಇಂಚು ಬರುವಂತೆ ಇಟ್ಟರೆ ಲಕೋಟೆಯ ಹಾಗೆ ಮುಚ್ಚಿಕೊಳ್ಳುತ್ತದೆ.

ತಾಳ್ಮೆ ಬೇಡುವುದು ಪೈಪಿಂಗ್. ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ರೆಡಿಮೇಡ್ ಪೈಪಿಂಗು, ಲೇಸು, ಗೊಂಡೆ, ಜರಿಯ ಹೆಣಿಗೆ ಎಲ್ಲ ಸಿಗುತ್ತವೆ. ಕಣ್ಣು ತಿರುಗುವಷ್ಟು. ನಾನು ಅಲ್ಲಿ ಬರೀ ಹತ್ತಿಯ ಹುರಿ ಮತ್ತು ಸಣ್ಣ ಕೆಂಪು ಗೊಂಡೆಗಳ ಲೇಸು ಕೊಂಡೆ. ಗುಲಾಬಿಯಾಗಿ ಕೆಟ್ಟಿದ್ದ ಆ ಸೆರಗನ್ನೇ ಒಂದೂವರೆ ಇಂಚಿನ ಓರೆ ಪಟ್ಟಿಗಳಾಗಿ ಕತ್ತರಿಸಿ, ಹುರಿಯ ಮೇಲೆ ಮಡಿಚಿ ಹೊಲಿದೆ. ಅದು ನನ್ನ ಪಾಲಿನದು, ಚೀಟಿಯ ಷರತ್ತಿಗೆ ಸೇರಿದ್ದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಪಟ್ಟಿ ಓರೆಯಾಗಿದ್ದರೆ ಮಾತ್ರ ಮೂಲೆಯಲ್ಲಿ ತಿರುಗುತ್ತದೆ. ಮಷೀನಿಗೆ ಜಿಪ್ ಹಾಕುವ ಒಂಟಿ ಕಾಲು ಜೋಡಿಸಿ, ಮೂಲೆಯಿಂದಲ್ಲ, ಕೆಳಬದಿಯ ನಡುವಿನಿಂದ ಶುರುಮಾಡಬೇಕು. ಪ್ರತಿ ಮೂಲೆಯಲ್ಲೂ ಪೈಪಿಂಗಿನ ಅಂಚಿಗೆ ಮೂರು ಸಣ್ಣ ಕತ್ತರಿ ಗುರುತು ಕೊಡಬೇಕು, ಹೊಲಿಗೆ ಮುಟ್ಟದಂತೆ. ಮೊದಲನೆಯದನ್ನು ಮೂರು ಸಲ ಬಿಚ್ಚಿದೆ. ನಾಲ್ಕನೆಯ ದಿಂಬಿಗೆ ಕೈ ಕೂಡಿತು. ಗೊಂಡೆಯ ಲೇಸು ಎರಡು ದಿಂಬಿಗೆ ಹಚ್ಚಿದೆ, ಉಳಿದೆರಡು ಬರೀ ಪೈಪಿಂಗಿನವು. ಎಲ್ಲದಕ್ಕೂ ಗೊಂಡೆ ಹಚ್ಚಿದರೆ ಸೋಫಾ ಮದುವೆಯ ಕುದುರೆಯ ಹಾಗೆ ಕಾಣುತ್ತದೆ.

ಕೌದಿಗೆ ಮಷೀನಿಲ್ಲ. ನೆಲದ ಮೇಲೆ ಹಾಸಿ, ಹೊರ ಅಂಚಿನಿಂದ ಒಳಕ್ಕೆ ಚೌಕ ಚೌಕವಾಗಿ, ಸಾಲಿನಿಂದ ಸಾಲಿಗೆ ಒಂದು ಬೆರಳು ಬಿಟ್ಟು ಓಡುಹೊಲಿಗೆ. ಪಕ್ಕದ ಮನೆಯ ಮರಾಠಿ ಆಜಿ ಬಂದು ನೋಡಿ "ಹೀ ತರ್ ಗೋಧಡೀ!" ಎಂದು ತಾನೂ ಸೂಜಿ ಹಿಡಿದು ಕುಳಿತರು. ಅವರು ಒಂದು ಬದಿಯಿಂದ, ನಾನು ಇನ್ನೊಂದು ಬದಿಯಿಂದ. ಹನ್ನೊಂದು ಮಧ್ಯಾಹ್ನ ಹಿಡಿಯಿತು. ಅವರ ಟಾಕೆ ಅಕ್ಕಿಕಾಳು, ನನ್ನದು ಗೋಧಿ.

ಆ ನಡುವೆ ಅಕ್ಕ ಫೋನ್ ಮಾಡಿದಳು. "ಹಸರ ಸೀರ್ಯಾಗ ಕೆಂಪು ದಾರದ ಹೊಲಿಗಿ ಇತ್ತಲ್ಲ, ಜಾಲಿಮುಳ್ಳಿಗೆ ಸಿಕ್ಕಿ ಹರಿದಿದ್ದು. ಹಸರ ದಾರ ಮುಗದದ ಅಂತ ಅವ್ವ ಕೆಂಪಿಲೆ ಹಾಕಿದ್ದಳು. ಅದನ್ನ ಎಲ್ಲಿ ಹಚ್ಚಿದಿ?"

"ಐತಿ ಅಕ್ಕಾ," ಎಂದೆ.

ಎಲ್ಲಿತ್ತೋ! ಅಂಚು ತೆಗೆದ ಮೇಲೆ ಉಳಿದ ಒಡಲಿನಲ್ಲಿ ಗಟ್ಟಿ ಇದ್ದದ್ದನ್ನು ದಿಂಬಿನ ಹಿಂಬದಿಗೆ ಬಳಸಿ, ಹರಕು ತೇಪೆಯನ್ನೆಲ್ಲ ಸಣ್ಣಗೆ ಕತ್ತರಿಸಿ ಲೋಡಿಗೆ ತುಂಬಿದ್ದೆ. ನನಗೆ ಆ ಹೊಲಿಗೆಯ ನೆನಪೇ ಇರಲಿಲ್ಲ, ನಾನಾಗ ಹುಟ್ಟಿದ್ದೆನೋ ಇಲ್ಲವೋ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಎರಡು ದಿನ ಕಷ್ಟಪಟ್ಟು ಹಚ್ಚಿದ್ದ ಲೋಡಿನ ದುಂಡು ಪೈಪಿಂಗನ್ನು ಬ್ಲೇಡಿನಿಂದ ಬಿಚ್ಚಿದೆ. ಚಿಂದಿಯನ್ನೆಲ್ಲ ಹಾಲಿನಲ್ಲಿ ಸುರಿದುಕೊಂಡು ಒಂದೊಂದೇ ತುಂಡು ದೀಪಕ್ಕೆ ಹಿಡಿದೆ. ಒಂದೂವರೆಗೆ ಸಿಕ್ಕಿತು, ಅದೂ ಎರಡು ತುಂಡಾಗಿ. ನನ್ನ ಕತ್ತರಿ ಅವ್ವನ ಹೊಲಿಗೆಯ ನಡುವೆಯೇ ಹಾದಿತ್ತು.

ನಮ್ಮಜ್ಜಿ ಕೌದಿಯ ಕೊನೆಯ ಮೂಲೆ ಮುಚ್ಚುವಾಗ ಒಳಗೆ ಹೋಳಿಗೆಯ ಒಂದು ಚೂರು ಇಡುತ್ತಿದ್ದಳು, ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಮಡಿಚಿದ ಬಣ್ಣದ ತ್ರಿಕೋನ ಹಚ್ಚುತ್ತಾರೆ, ಅದಕ್ಕೆ ಫುಲಾ ಎನ್ನುತ್ತಾರೆ, ಅದಿಲ್ಲದೆ ಕೌದಿ ಮುಗಿದಂತಲ್ಲ. ನಾನು ಆ ಎರಡು ತುಂಡನ್ನು ಜೋಡಿಸಿ, ಸೆರಗಿನ ಬದಿಯ ಮೂಲೆಯಲ್ಲಿ ತ್ರಿಕೋನವಾಗಿ ಹಚ್ಚಿದೆ. ಜೋಡಿಸಲು ಹಸಿರು ದಾರ ಮನೆಯಲ್ಲಿತ್ತು, ಆದರೂ ಕೆಂಪು ತೆಗೆದುಕೊಂಡೆ.

ದೀಪಾವಳಿಗೆ ಅಕ್ಕ ಬಂದಳು. ಕೌದಿಯನ್ನು ಮೊದಲು ತಿರುವಿ ಹಾಕಿ ಹಿಂದಿನ ಗಂಟು ನೋಡಿದಳು. ಸೆರಗನ್ನು ಉದ್ದಕ್ಕೂ ಕೈಯಾಡಿಸಿ ನೋಡಿದಳು. ಮೂಲೆಗೆ ಬಂದಾಗ ಬೆರಳು ನಿಂತಿತು.

"ಇದರಾಗ ಅರ್ಧ ಹೊಲಿಗಿ ಅವ್ವಂದಲ್ಲ."

"ನಂದು," ಎಂದೆ. ಲೋಡಿನ ಕಥೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿ, "ನಿನ್ನ ಟಾಕಿ ಭಾಳ ದೊಡ್ಡವು," ಎಂದಳು.

ಹೋಗುವಾಗ ಎರಡು ಕುಷನ್ ಕವರು ಚೀಲಕ್ಕೆ ಹಾಕಿಕೊಂಡಳು, ಪೈಪಿಂಗಿನವು. ಗೊಂಡೆಯವು ಬೇಡವಂತೆ, ಮೊಮ್ಮಗ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾನೆ. ಅವಳ ಬಳಿ ಇನ್ನೂ ಎರಡು ಸೀರೆ ಇವೆ. ಸಂಕ್ರಾಂತಿಗೆ ಬರುವಾಗ ತರುತ್ತೇನೆ, ಪೈಪಿಂಗ್ ಕಲಿಸು ಎಂದಿದ್ದಾಳೆ.