ಪತ್ತರ್‌ಗಟ್ಟಿಯ ಡೊಂಕು ಮುತ್ತು, ತುರುಬಿಗೆ ಸಿಂಗಾರ

ಕಲಬುರಗಿ, ಬೀದರ್ ಕಡೆಯ ಬಸ್ಸುಗಳು ಹೈದರಾಬಾದಿನ ಎಂಜಿಬಿಎಸ್ ನಿಲ್ದಾಣಕ್ಕೆ ಬರುತ್ತವೆ. ಅಲ್ಲಿಂದ ಹೊರಟು ಮೂಸಿ ನದಿಯ ಮೇಲಿನ ನಯಾಪುಲ್ ದಾಟಿ, ಮದೀನಾ ವೃತ್ತ ಹಾಯ್ದರೆ ಪತ್ತರ್‌ಗಟ್ಟಿ. ರಸ್ತೆಯ ಇಕ್ಕೆಲದಲ್ಲೂ ಕಲ್ಲಿನ ಕಮಾನುಗಳು, ಮುಂದೆ 1591ರ ಚಾರ್‌ಮಿನಾರ್. 1908ರ ಮೂಸಿ ಪ್ರವಾಹದ ನಂತರ ನಗರವನ್ನು ಹೊಸದಾಗಿ ರೂಪಿಸುವಾಗ ಎದ್ದ ಈ ಕಮಾನುಗಳಡಿ ಇಂದು ಮುತ್ತಿನದೇ ದೊಡ್ಡ ವ್ಯಾಪಾರ. 1956ರವರೆಗೆ ಬಹುಪಾಲು ಹೈದರಾಬಾದ್ ರಾಜ್ಯದಲ್ಲೇ ಇದ್ದ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇದು ಹಳೆಯ ಪರಿಚಯದ ಪೇಟೆ.

ಸಮುದ್ರವಿಲ್ಲದ ಈ ಊರಿಗೆ ನಿಜಾಮರ ಕಾಲದಲ್ಲಿ ಕೊಲ್ಲಿಯ ಬಸ್ರಾ ಮುತ್ತು ಬರುತ್ತಿತ್ತು. ಈಗ ಬರುವುದು ಹೆಚ್ಚಾಗಿ ಚೀನಾದ ಸಿಹಿನೀರಿನ ಮುತ್ತು. ಅಂಗಡಿ ಹೊಕ್ಕೊಡನೆ ಗುಂಡು ಮುತ್ತಿನ ಸರಗಳನ್ನು ಹರಡುತ್ತಾರೆ. ಕೂದಲಿನ ಒಡವೆ ಮಾಡುವವರು ಅವನ್ನು ಬಿಟ್ಟು 'ಬರೋಕ್', ಅಂದರೆ ಡೊಂಕು ಮುತ್ತಿನ ಎಳೆಗಳನ್ನು ಕೇಳಬೇಕು. ಕಡ್ಡಿಯಂತೆ ಉದ್ದ, ಬಿಲ್ಲೆಯಂತೆ ಚಪ್ಪಟೆ, ಬಾಲ ಬಂದ ಹನಿ, ಹೀಗೆ ಒಂದರ ಆಕಾರ ಇನ್ನೊಂದಕ್ಕಿಲ್ಲ. ಕಡಲ ಚಿಪ್ಪಿನೊಳಗೆ ಸಾಮಾನ್ಯವಾಗಿ ಗುಂಡು ಮಣಿಯಿಟ್ಟು ಮುತ್ತು ಬೆಳೆಸುತ್ತಾರೆ. ಸಿಹಿನೀರಿನ ಚಿಪ್ಪಿಗೆ ಬಹುಮಟ್ಟಿಗೆ ಇನ್ನೊಂದು ಚಿಪ್ಪಿನ ಅಂಗಾಂಶದ ತುಣುಕನ್ನಷ್ಟೇ ಇಡುತ್ತಾರೆ. ಒಳಗೆ ಅಚ್ಚಿಲ್ಲದ್ದರಿಂದ ಮುತ್ತು ತನಗೆ ತೋಚಿದಂತೆ ಬೆಳೆಯುತ್ತದೆ.

ಕೊರಳ ಸರಕ್ಕೆ ಜೋಡಿ ಹೊಂದಬೇಕು, ಅಳತೆ ಕೂಡಬೇಕು. ತಲೆಗೆ ಆ ಕಟ್ಟುಪಾಡಿಲ್ಲ. ಹೈದರಾಬಾದಿನ ಮುಸ್ಲಿಂ ಮದುಮಗಳ ಝೂಮರ್ ಎಂಬ ಒಡವೆ ಕೂಡ ತಲೆಯ ಒಂದೇ ಬದಿಗೆ ಇಳಿಬೀಳುತ್ತದೆ. ಮೊಗ್ಗಿನ ಜಡೆಯ ಮಲ್ಲಿಗೆ ಮೊಗ್ಗುಗಳ ಹಾಗೆ ಡೊಂಕು ಮುತ್ತುಗಳು ಒಂದೊಂದೂ ಬೇರೆಯಾಗಿದ್ದೇ ಒಟ್ಟಾಗಿ ಚೆನ್ನ. ಇವುಗಳ ನಿಜವಾದ ಜಾಗ ಕೂದಲು ಎಂದೇ ನನ್ನ ನಂಬಿಕೆ.

ಆರಿಸುವಾಗ ಎಳೆಯನ್ನು ಕಮಾನಿನ ಹೊರಗೆ, ಹಗಲ ಬೆಳಕಿಗೆ ಹಿಡಿದು ನೋಡಿ. ಎರಡು ಮುತ್ತುಗಳನ್ನು ಮೆಲ್ಲಗೆ ಉಜ್ಜಿದರೆ ಅಸಲಿಯಲ್ಲಿ ನವಿರಾದ ತರಿ ತಗಲುತ್ತದೆ, ಪ್ಲಾಸ್ಟಿಕ್ಕು ಜಾರುತ್ತದೆ. ತೂತಿನ ಅಂಚು ಚಕ್ಕೆ ಎದ್ದಿರಬಾರದು. ತೂತಿನ ದಿಕ್ಕೂ ಮುಖ್ಯ: ಉದ್ದಕ್ಕೆ ಕೊರೆದದ್ದು ತುರುಬಿನ ಪಿನ್ನಿನ ಮೇಲೆ ನಿಲ್ಲುತ್ತದೆ, ಅಡ್ಡಕ್ಕೆ ಕೊರೆದದ್ದು ತಲೆಗೆ ಒರಗುತ್ತದೆ.

ಚಾರ್‌ಮಿನಾರ್ ಬದಿಯ ಲಾಡ್ ಬಜಾರಿನಲ್ಲಿ ಬಳೆಗಳ ಜೊತೆಗೆ ಮದುವೆಯ ಲೇಸು, ಜರಿ ಸಾಮಾನು ಸಿಗುತ್ತದೆ. ಮುತ್ತನ್ನು ಕಟ್ಟಲು ಇನ್ನು ಬೇಕಾದದ್ದು ತುರುಬಿನ ಯು-ಪಿನ್ನು, 0.3 ಮಿಲಿಮೀಟರ್ ತಂತಿ. ಸಿಹಿನೀರಿನ ಮುತ್ತಿನ ತೂತು ಸಾಮಾನ್ಯವಾಗಿ 0.7 ಮಿಲಿಮೀಟರಿನ ಆಸುಪಾಸು, ಹಾಗಾಗಿ ಈ ತಂತಿ ಎರಡು ಸಲ ಹಾಯುತ್ತದೆ. ಮುತ್ತಿನ ಬುಡದಲ್ಲಿ ತಂತಿಯನ್ನು ಹುರಿಮಾಡಿ ಪಿನ್ನಿನ ಬಾಗಿಗೆ ಒತ್ತಾಗಿ ಸುತ್ತಿ, ತುದಿಯನ್ನು ಒಳಕ್ಕೆ ಮಡಚಿ. ಇಲ್ಲದಿದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ.

ಮುತ್ತಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಬೆವರು, ಸುಗಂಧ, ಹೇರ್ ಸ್ಪ್ರೇ ಅದರ ಹೊಳಪನ್ನು ತಿನ್ನುತ್ತವೆ. ಅಲಂಕಾರವೆಲ್ಲ ಮುಗಿದ ಮೇಲೆ ಸಿಕ್ಕಿಸಿ, ತೆಗೆದೊಡನೆ ಮೆತ್ತನೆ ಬಟ್ಟೆಯಲ್ಲಿ ಒರೆಸಿಡಿ. ಅಂಟು ಬಳಸದೆ ತಂತಿಯಲ್ಲೇ ಕಟ್ಟಿದ್ದರೆ, ಅಕ್ಕನ ಮದುವೆಯ ಪಿನ್ನನ್ನು ಬಿಚ್ಚಿ ತಂಗಿಯ ಮದುವೆಗೆ ಜಡೆಬಿಲ್ಲೆಯಾಗಿ ಕಟ್ಟಬಹುದು.