ಸೈಕಲ್ ಸವಾರರ ಸುರಕ್ಷತೆ ಮತ್ತು ಅಪಘಾತ ಪರಿಹಾರ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳಲ್ಲಿ ವಿದ್ಯಾರ್ಥಿಗಳು ಹಾಗೂ ಕೂಲಿ ಕಾರ್ಮಿಕರು ಸಂಚಾರಕ್ಕೆ ಸೈಕಲ್ ಬಳಸುತ್ತಾರೆ. 2006-07ರಲ್ಲಿ ರಾಜ್ಯದಲ್ಲಿ ಆರಂಭಗೊಂಡ ಉಚಿತ ಬೈಸಿಕಲ್ ವಿತರಣಾ ಯೋಜನೆಯಿಂದ ಎಂಟನೇ ತರಗತಿಯ ಮಕ್ಕಳಿಗೂ ಸೈಕಲ್ ದೊರೆತವು. ಸೈಕಲ್ಲಿಗೆ ಚಾಲನಾ ಪರವಾನಗಿ ಅಥವಾ ವಿಮೆ ಕಡ್ಡಾಯವಲ್ಲ. ಆದಕಾರಣ ಅಪಘಾತವಾದರೆ ಪರಿಹಾರವೂ ದೊರೆಯದೆಂಬ ತಿಳಿವಳಿಕೆ ಸರಿಯಲ್ಲ.

ಅಪಘಾತಕ್ಕೆ ಆಸ್ಪದ ನೀಡುವ ಸಂದರ್ಭಗಳು

ಶಿಗ್ಗಾವಿ, ಬಂಕಾಪುರಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಅಡ್ಡರಸ್ತೆಗಳು ಸೇರುವ ಸ್ಥಳಗಳು ಅಪಾಯಕಾರಿ. ಸುಗ್ಗಿಯಲ್ಲಿ ಗೋವಿನಜೋಳವನ್ನು ರಸ್ತೆಯ ಮೇಲೆ ಒಣಹಾಕಿ ಅಂಚಿಗೆ ಕಲ್ಲುಗಳನ್ನಿಟ್ಟಾಗ ಸೈಕಲ್ ಸವಾರರು ಅನಿವಾರ್ಯವಾಗಿ ರಸ್ತೆಯ ಮಧ್ಯಕ್ಕೆ ಬರಬೇಕಾಗುತ್ತದೆ. ಮುಸ್ಸಂಜೆಯಲ್ಲಿ ಈ ಕಲ್ಲುಗಳೂ ಕಾಣುವುದಿಲ್ಲ, ಸವಾರರೂ ಕಾಣುವುದಿಲ್ಲ. ರೈತ ಬಾಂಧವರು ಕಣಗಳಲ್ಲಿಯೇ ಒಕ್ಕಣೆ ಮಾಡಲು ಕೋರಲಾಗಿದೆ.

ಸವಾರರು ಪಾಲಿಸಬೇಕಾದ ಅಂಶಗಳು

1. ರಸ್ತೆಯ ಎಡಬದಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗುವುದು.
2. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬರುವಾಗ ಪೂರ್ಣವಾಗಿ ನಿಂತು, ಎರಡೂ ಬದಿ ನೋಡಿ ಮುಂದುವರಿಯುವುದು.
3. ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಅಳವಡಿಸಿ, ಕತ್ತಲೆಯಲ್ಲಿ ದೀಪ ಬಳಸುವುದು. ತಿಳಿಬಣ್ಣದ ಉಡುಪು ಧರಿಸುವುದು.
4. ಟ್ರ್ಯಾಕ್ಟರ್ ಟ್ರೈಲರ್ ಹಿಡಿದು ಸಾಗದಿರುವುದು; ಬಸ್, ಲಾರಿ ತಿರುಗುವಾಗ ಅದರ ಎಡಬದಿಗೆ ನುಸುಳದಿರುವುದು.
5. ಎರಡೂ ಬ್ರೇಕುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸುವುದು. ಹೆಲ್ಮೆಟ್ ಧರಿಸುವುದು ಕ್ಷೇಮಕರ.

ಅಪಘಾತ ಸಂಭವಿಸಿದಲ್ಲಿ

ಕೂಡಲೇ 112 ಅಥವಾ 108ಕ್ಕೆ ಕರೆ ಮಾಡಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 134ಎ ಪ್ರಕಾರ, ಸದುದ್ದೇಶದಿಂದ ನೆರವಾದವರನ್ನು ಗಾಯಾಳುವಿಗಾದ ಹಾನಿಗೆ ಹೊಣೆಗಾರರನ್ನಾಗಿಸುವಂತಿಲ್ಲ. 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ಮೋಟಾರು ವಾಹನ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಗರಿಷ್ಠ 7 ದಿನ, ರೂ. 1.5 ಲಕ್ಷದವರೆಗೆ ಚಿಕಿತ್ಸೆ ಲಭ್ಯವಿದೆ.

ವಾಹನ ಪತ್ತೆಯಾಗದಿದ್ದಲ್ಲಿ ಪರಿಹಾರ

ಡಿಕ್ಕಿ ಹೊಡೆದ ವಾಹನವು ಪತ್ತೆಯಾಗದಿದ್ದರೂ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹಿಟ್ ಅಂಡ್ ರನ್ ಪರಿಹಾರ ಯೋಜನೆಯಂತೆ ಮರಣಕ್ಕೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50 ಸಾವಿರ ದೊರೆಯುತ್ತದೆ. ಈ ಮೊದಲು ಈ ಮೊತ್ತವು ಕ್ರಮವಾಗಿ ರೂ. 25,000 ಹಾಗೂ ರೂ. 12,500 ಆಗಿತ್ತು.

ಗಾಯಾಳು ಅಥವಾ ಮೃತರ ವಾರಸುದಾರರು ನಮೂನೆ-1ರಲ್ಲಿ ಅರ್ಜಿಯನ್ನೂ, ನಮೂನೆ-4ರಲ್ಲಿ ಮುಚ್ಚಳಿಕೆಯನ್ನೂ, ಅಪಘಾತ ನಡೆದ ತಾಲ್ಲೂಕಿನ ವಿಚಾರಣಾಧಿಕಾರಿಯಾದ ತಹಶೀಲ್ದಾರರು ಅಥವಾ ಉಪವಿಭಾಗಾಧಿಕಾರಿಗಳಿಗೆ ಸಲ್ಲಿಸಬೇಕು. ಲಗತ್ತಿಸಬೇಕಾದ ದಾಖಲೆಗಳು:

- ಪ್ರಥಮ ವರ್ತಮಾನ ವರದಿಯ ಪ್ರತಿ
- ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ
- ಗಾಯಾಳು ಅಥವಾ ಮೃತರ ಹಾಗೂ ಅರ್ಜಿದಾರರ ಗುರುತು ಮತ್ತು ವಿಳಾಸದ ದಾಖಲೆ
- ಅರ್ಜಿದಾರರ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ
- ನಗದುರಹಿತ ಚಿಕಿತ್ಸೆ ಪಡೆದಿದ್ದಲ್ಲಿ ಆಸ್ಪತ್ರೆಯ ಬಿಲ್ಲಿನ ಪ್ರತಿ

ವಿಚಾರಣಾಧಿಕಾರಿಗಳು ಒಂದು ತಿಂಗಳೊಳಗೆ ಜಿಲ್ಲಾಧಿಕಾರಿಗಳಿಗೆ ವರದಿ ಸಲ್ಲಿಸುವರು. ತದನಂತರ 15 ದಿನಗಳೊಳಗೆ ಮಂಜೂರಾತಿ ನೀಡಬೇಕಾಗಿರುತ್ತದೆ.

ವಾಹನ ಪತ್ತೆಯಾಗಿದ್ದಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗಾಗಿ ಅರ್ಜಿ ಸಲ್ಲಿಸುವುದು ಕ್ಷೇಮ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗದೇ ರಾಜಿಯಾದ ಪ್ರಕರಣಗಳಲ್ಲಿ ಮುಂದೆ ಪರಿಹಾರ ಪಡೆಯುವುದು ಕಷ್ಟಕರ. ಆದ್ದರಿಂದ ತಡಮಾಡದೆ ದೂರು ನೀಡಿ ಅದರ ಪ್ರತಿಯನ್ನು ಕಾಯ್ದಿರಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.