ಪಿಕಪ್ ವಾಹನಗಳ ಹಿಂದಿನ ಅಚ್ಚು ಮತ್ತೆ ಮತ್ತೆ ಮುರಿಯುವುದೇಕೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಳೆದ ಫಲವನ್ನು ಹೊಲದಿಂದ ಮಾರುಕಟ್ಟೆಗೆ ಮುಟ್ಟಿಸುವ ಕೆಲಸವನ್ನು ಈಗ ಬಹುಮಟ್ಟಿಗೆ ಪಿಕಪ್ ಎಂಬ ಸಣ್ಣ ಲಾರಿಗಳೇ ನಡೆಸುತ್ತಿವೆ. ಹಿಂದೆ ಎತ್ತಿನ ಬಂಡಿಗೆ ಇದ್ದ ಸ್ಥಾನವು ಇವಕ್ಕೆ ಸಂದಿದೆ. ೨೦೦೫ರಲ್ಲಿ ಟಾಟಾ ಏಸ್, ೨೦೧೧ರಲ್ಲಿ ಅಶೋಕ್ ಲೇಲ್ಯಾಂಡ್ ದೋಸ್ತ್ ಮಾರಾಟಕ್ಕೆ ಬಂದ ತರುವಾಯ ಈ ಬಗೆಯ ವಾಹನವಿಲ್ಲದ ಹಳ್ಳಿಯೇ ಅಪರೂಪವಾಯಿತು. ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣಕ್ಕೂ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯ ಮಾರುಕಟ್ಟೆಗೂ ಟೊಮೇಟೊ, ಶ್ರೀನಿವಾಸಪುರದ ಮಂಡಿಗಳಿಗೆ ಮಾವು, ಮಾಲೂರಿನಿಂದ ಬೆಂಗಳೂರಿಗೆ ತರಕಾರಿ, ಎಲ್ಲವೂ ಇವುಗಳ ಬೆನ್ನ ಮೇಲೆಯೇ ಸಾಗುವುದು.

ಇವುಗಳನ್ನು ಇಟ್ಟುಕೊಂಡವರಿಂದ ಕೇಳಿಬರುವ ದೂರು ಮಾತ್ರ ಬಹುಮಟ್ಟಿಗೆ ಒಂದೇ. ಹಿಂದಿನ ಆಕ್ಸಲ್ ತುಂಡಾಯಿತು, ಇಲ್ಲವೆ ಡಿಫರೆನ್ಷಿಯಲ್ ಹೋಯಿತು. ಹಣ ಸುರಿದು ರಿಪೇರಿ ಮಾಡಿಸಿದರೂ ಬೆಳೆಯ ಮುಂದಿನ ಕಾಲಕ್ಕೆ ಮತ್ತೆ ಅದೇ ಪಾಡು. ಇದರ ನಷ್ಟವು ವಾಹನದ ಯಜಮಾನನೊಬ್ಬನಿಗೇ ಸೇರಿದ್ದಲ್ಲ. ೨೦೨೩ನೆಯ ಜುಲೈ ತಿಂಗಳಲ್ಲಿ ೧೫ ಕೆ.ಜಿ. ಟೊಮೇಟೊ ಬಾಕ್ಸೊಂದು ೨,೦೦೦ ರೂಪಾಯಿಗೂ ಮೀರಿ ಹರಾಜಾದುದನ್ನು ಈ ಸೀಮೆಯ ಬೆಳೆಗಾರರು ಮರೆತಿರಲಾರರು. ಅಂಥ ದಿನದಲ್ಲಿ ನೂರು ಬಾಕ್ಸು ಹೊತ್ತ ಗಾಡಿಯು ಕೆರೆ ಏರಿಯ ಮೇಲೆ ಕುಳಿತುಬಿಟ್ಟರೆ ಎರಡು ಲಕ್ಷ ರೂಪಾಯಿಯ ಮಾಲು ಬಿಸಿಲಿಗೆ ಬಿದ್ದಂತಾಯಿತು. ಹರಾಜು ಯಾರಿಗಾಗಿಯೂ ಕಾಯುವುದಿಲ್ಲ. ಹಣ್ಣಂತೂ ಕಾಯುವುದೇ ಇಲ್ಲ.

“ಈಗಿನ ಕಬ್ಬಿಣದಲ್ಲಿ ಸತ್ವವಿಲ್ಲ” ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಸಮಾಧಾನ. ನಕಲಿ ಭಾಗಗಳು ಪೇಟೆಯಲ್ಲಿ ಇಲ್ಲವೆಂದಲ್ಲ. ಆದರೆ ಒಂದೇ ವಾಹನದಲ್ಲಿ ಒಂದೇ ಭಾಗವು ಮೂರು ಸಲ ಮುರಿದ ಮೇಲೆ ಕಬ್ಬಿಣವನ್ನು ದೂರುವುದಕ್ಕೆ ಮುಂಚೆ ಆ ಭಾಗಕ್ಕೆ ಒಪ್ಪಿಸಿರುವ ಕೆಲಸವೇನೆಂದು ನೋಡುವುದು ನ್ಯಾಯ.

ಎತ್ತಿನ ಬಂಡಿಯ ಅಚ್ಚು ತಿರುಗುವುದಿಲ್ಲ. ಗಾಲಿಯು ಅದರ ಸುತ್ತ ತಿರುಗುವುದು. ಪಿಕಪ್ಪಿನ ಹಿಂದಿನ ಅಚ್ಚಾದರೋ ತಾನೇ ತಿರುಗಿ ಗಾಲಿಯನ್ನು ತಿರುಗಿಸಬೇಕು. ಅದು ಒಂದೇ ಸರಳೂ ಅಲ್ಲ. ಎಡಕ್ಕೊಂದು ಬಲಕ್ಕೊಂದು ಇರುವ ಎರಡು ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗೂಡು ಇರುವುದು. ಕಣದಲ್ಲಿ ಮೇಟಿಯ ಸುತ್ತ ತುಳಿಸುವಾಗ ಒಳಗಡೆಯ ಎತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೊರಗಡೆಯ ಎತ್ತು ಎಂಟು ಹೆಜ್ಜೆ ಇಡಬೇಕಷ್ಟೆ. ತಿರುವಿನಲ್ಲಿ ವಾಹನದ ಎರಡು ಗಾಲಿಗಳ ಸ್ಥಿತಿಯೂ ಅದೇ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಮೆ ಸುತ್ತನ್ನು ಹಂಚಿಕೊಡುವುದು ಡಿಫರೆನ್ಷಿಯಲಿನ ಕೆಲಸ. ಅದಲ್ಲದೆ ಎಂಜಿನ್ನಿನ ತಿರುಚುವ ಬಲವನ್ನು ಹೆಚ್ಚಿಸಿ ಕೊಡುವುದೂ ಇಲ್ಲಿರುವ ಕ್ರೌನ್ ಚಕ್ರ ಮತ್ತು ಪಿನಿಯನ್ನುಗಳಿಂದಲೇ. ಮೊದಲನೆಯ ಗೇರಿನಲ್ಲಿ ಗೇರುಪೆಟ್ಟಿಗೆಯು ಬಲವನ್ನು ನಾಲ್ಕೈದು ಪಟ್ಟು ಮಾಡುವುದು. ಕ್ರೌನ್ ಪಿನಿಯನ್ನುಗಳು ಅದನ್ನು ಮತ್ತೆ ನಾಲ್ಕೈದು ಪಟ್ಟು ಮಾಡುವುವು. ಹೀಗೆ ಎಂಜಿನ್ನಿನ ಬಲವು ಇಪ್ಪತ್ತು ಪಟ್ಟಿನಷ್ಟಾಗಿ ಶಾಫ್ಟುಗಳ ಮೇಲೆ ಬೀಳುವುದು.

ಶಾಫ್ಟುಗಳಲ್ಲಿಯೂ ಎರಡು ತೆರನುಂಟು. ದೊಡ್ಡ ಲಾರಿಗಳಲ್ಲಿ ಹೊರೆಯ ಭಾರವನ್ನೆಲ್ಲ ಹೊರಗಿನ ಹೌಸಿಂಗ್ ಹೊರುವುದು. ಒಳಗಿನ ಶಾಫ್ಟಿಗೆ ತಿರುಗಿಸುವ ಕೆಲಸವಷ್ಟೇ. ಅಲ್ಲಿ ಶಾಫ್ಟು ಮುರಿದರೂ ಗಾಲಿ ಸ್ಥಳದಲ್ಲಿಯೇ ನಿಲ್ಲುವುದು. ಸಣ್ಣ ವಾಹನಗಳು ಹಲವುಗಳಲ್ಲಿ ಗಾಲಿಯನ್ನು ಶಾಫ್ಟಿನ ತುದಿಗೇ ಬಿಗಿದಿರುವರು. ಅಲ್ಲಿ ಶಾಫ್ಟು ತಿರುಗಿಸಲೂ ಬೇಕು, ಹೊರಲೂ ಬೇಕು. ಬೇರಿಂಗಿನ ಹೊರಮಗ್ಗುಲಲ್ಲಿ ಅದು ತುಂಡಾದರೆ ಗಾಲಿಯೇ ಕಳಚಿ ಹೋಗಿ ವಾಹನವು ಮಗ್ಗುಲಿಗೆ ಉರುಳುವುದು. ತಮ್ಮ ವಾಹನವು ಈ ಎರಡರಲ್ಲಿ ಯಾವ ತೆರನಾದುದೆಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವವರು ಬಹಳ ಕಡಮೆ.

ಒಂದು ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ಪಟ್ಟನೆ ಮುರಿಯುವುದನ್ನು ಹುಡುಗರೂ ಬಲ್ಲರು. ಭಾರ ಹೊತ್ತು ತಿರುಗುವ ಶಾಫ್ಟಿಗೆ ಇದೇ ಗತಿ. ಅದರ ಮೇಲ್ಮೈಯ ಒಂದೊಂದು ಬಿಂದುವೂ ಸುತ್ತಿಗೊಮ್ಮೆ ಹಿಗ್ಗಿ ಒಮ್ಮೆ ಕುಗ್ಗುವುದು. ಈ ವಾಹನಗಳ ಗಾಲಿಯು ಒಂದು ಕಿಲೋಮೀಟರಿಗೆ ಸುಮಾರು ೪೫೦ ಸುತ್ತು ತಿರುಗುವುದು. ಕೋಲಾರದಿಂದ ಬೆಂಗಳೂರಿಗೆ ಒಂದು ಸಲ ಹೋಗುವಷ್ಟರಲ್ಲಿ ೩೦,೦೦೦ಕ್ಕೂ ಹೆಚ್ಚು ಸಲ ಬಗ್ಗಿದಂತೆ ಆಯಿತು. ಈ ಸಂಗತಿಯನ್ನು ಲೋಕವು ಕಲಿತದ್ದು ದೊಡ್ಡ ಬೆಲೆ ತೆತ್ತ ಮೇಲೆ. ೧೮೪೨ನೆಯ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಹಿಂದಿರುಗುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳಿಗೆ ಬೆಂಕಿ ಬಿದ್ದು, ಬಹು ಮಂದಿ ಸತ್ತರು. ಆ ಬಳಿಕ ಪ್ರಷ್ಯದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಎಂಬವರು ವರ್ಷಗಟ್ಟಲೆ ಅಚ್ಚುಗಳನ್ನು ಯಂತ್ರದಲ್ಲಿ ತಿರುಗಿಸಿ ಪರೀಕ್ಷಿಸಿದರು. ಒಂದು ಸಲಕ್ಕೆ ಏನೂ ಮಾಡದ ಭಾರವು ಲಕ್ಷಾಂತರ ಸಲ ಮರುಕಳಿಸಿದರೆ ಉಕ್ಕನ್ನೂ ಮುರಿಯುವುದೆಂದು ಅವರು ತೋರಿಸಿಕೊಟ್ಟರು. ಹೊರೆಯು ಒಂದೂವರೆ ಪಟ್ಟಾದರೆ ಅಚ್ಚಿನ ಆಯುಸ್ಸು ಒಂದೂವರೆ ಪಟ್ಟಿನಷ್ಟು ಮಾತ್ರ ತಗ್ಗುವುದೆಂದು ಎಣಿಸಬಾರದು. ಅದು ಹತ್ತರಲ್ಲಿ ಒಂದು ಪಾಲಿಗೂ ಇಳಿಯಬಹುದು. “ನಿನ್ನೆ ಇಷ್ಟೇ ಹೊರೆ ಹೊತ್ತಿತ್ತು, ಇಂದೇಕೆ ಮುರಿಯಿತು?” ಎಂಬ ಪ್ರಶ್ನೆಗೆ ಉತ್ತರವು ಇದರಲ್ಲಿದೆ. ಮುರಿತವು ಮೊದಲಾದದ್ದು ಇಂದಲ್ಲ.

ಆದುದರಿಂದ ಮುರಿದ ಶಾಫ್ಟನ್ನು ನೋಡದೆ ಗುಜರಿಗೆ ಹಾಕತಕ್ಕದ್ದಲ್ಲ. ಮುರಿದ ಮುಖವನ್ನು ಒರೆಸಿ ಬೆಳಕಿಗೆ ಹಿಡಿದರೆ ಅದು ತನ್ನ ಕಥೆಯನ್ನು ತಾನೇ ಹೇಳುವುದು. ಒಂದು ಪಕ್ಕದಿಂದ ಹೊರಟು ಕಪ್ಪೆಚಿಪ್ಪಿನ ಗೆರೆಗಳಂತೆ ಹರಡಿದ, ನುಣುಪಾದ ಕಪ್ಪು ಭಾಗವು ಹೆಚ್ಚಾಗಿದ್ದು ಉಳಿದ ಸ್ವಲ್ಪ ಭಾಗವು ಹೊಳಪಾಗಿ ಒರಟಾಗಿದ್ದರೆ, ಬಿರುಕು ಎಷ್ಟೋ ದಿನಗಳಿಂದ ಬೆಳೆಯುತ್ತಿತ್ತೆಂದು ತಿಳಿಯಬೇಕು. ಇದಕ್ಕೆ ಹೊರೆ, ಸವೆದ ಬೇರಿಂಗು ಅಥವಾ ಬಾಗಿದ ಹೌಸಿಂಗ್ ಕಾರಣ. ಮುಖವೆಲ್ಲ ಹೊಸದಾಗಿ ಹೊಳೆಯುತ್ತಿದ್ದು ಶಾಫ್ಟಿನ ತುದಿಯ ಗೀರುಹಲ್ಲುಗಳು ಹಗ್ಗದಂತೆ ಹೊಸೆದುಕೊಂಡಿದ್ದರೆ ಅದು ಒಂದೇ ಏಟಿಗೆ ಹೋದದ್ದು. ತಪ್ಪು ಚಾಲಕನ ಕಾಲಿನಲ್ಲಿ, ಅಂದರೆ ಕ್ಲಚ್ಚಿನಲ್ಲಿ ಇರುವ ಸಂಭವ ಹೆಚ್ಚು.

ಇನ್ನು ಹೊರೆಯ ಮಾತು. ವಾಹನದ ಆರ್.ಸಿ. ಪತ್ರದಲ್ಲಿ ಬರಿಗಾಡಿಯ ತೂಕವನ್ನೂ ಹೊರೆ ಸಮೇತದ ಗರಿಷ್ಠ ತೂಕವನ್ನೂ ನಮೂದಿಸಿರುವರು. ಮೊದಲನೆಯದನ್ನು ಎರಡನೆಯದರಿಂದ ಕಳೆದು, ಕುಳಿತವರ ತೂಕವನ್ನೂ ತೆಗೆದರೆ ಉಳಿದದ್ದು ನ್ಯಾಯವಾದ ಹೊರೆ. ಮಹೀಂದ್ರ ಬೊಲೆರೊ ಪಿಕಪ್ಪಿನಲ್ಲಿ ೧,೩೦೦ ಕೆ.ಜಿ. ಹೊರುವುದೂ ೧,೭೦೦ ಕೆ.ಜಿ. ಹೊರುವುದೂ ಉಂಟು, ನೋಟಕ್ಕೆ ಎರಡೂ ಒಂದೇ ತೆರನಾಗಿರುವುದರಿಂದ ಪತ್ರವನ್ನು ಓದದೆ ತೀರದು. ೧೫ ಕೆ.ಜಿ. ಹಣ್ಣಿಗೆ ಕ್ರೇಟಿನ ತೂಕ ಒಂದೂವರೆ ಕೆ.ಜಿ. ಸೇರಿಸಿದರೆ ನೂರು ಕ್ರೇಟಿಗೆ ೧,೬೫೦ ಕೆ.ಜಿ. ಆಗುವುದು. ಅಂದರೆ ೧,೩೦೦ ಕೆ.ಜಿ.ಯ ವಾಹನಕ್ಕೆ ೭೮ ಕ್ರೇಟು, ೧,೭೦೦ರದಕ್ಕೆ ೧೦೩ ಕ್ರೇಟು, ಅಲ್ಲಿಗೆ ಮುಗಿಯಿತು. ಕ್ರೇಟಿನ ಮೇಲೆ ಕ್ರೇಟಿಟ್ಟು ಹಗ್ಗ ಬಿಗಿದು ೧೫೦ ಏರಿಸಿದರೆ ಹೊರೆ ಎರಡೂವರೆ ಟನ್ನಿಗೆ ಸಮೀಪಿಸುವುದು. ಮಾಲೂರಿನ ಕಡೆ ಬಿಡುವಿನ ದಿನಗಳಲ್ಲಿ ಇದೇ ವಾಹನಗಳಿಗೆ ಇಟ್ಟಿಗೆ ತುಂಬುವುದುಂಟು. ಇಟ್ಟಿಗೆಯೊಂದಕ್ಕೆ ೩ ಕೆ.ಜಿ. ಹಿಡಿದರೂ ಸಾವಿರಕ್ಕೆ ೩ ಟನ್ನು! ತರಕಾರಿಯ ಕಾಲದಲ್ಲಿ ಮುರಿದ ಅಚ್ಚಿಗೆ ಬಿರುಕು ಹುಟ್ಟಿದ್ದು ಇಟ್ಟಿಗೆಯ ಕಾಲದಲ್ಲಿ ಇರಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ಹಿಂಬದಿಯ ಕಮಾನುಪಟ್ಟಿಗಳಿಗೆ ಎರಡು ಪಟ್ಟಿ ಹೆಚ್ಚಿಗೆ ಸೇರಿಸಿಬಿಟ್ಟರೆ ವಾಹನವು ಹೆಚ್ಚು ಹೊರುವುದೆಂದು ಅನೇಕರು ನಂಬಿರುವರು. ಪಟ್ಟಿ ಸೇರಿಸಿದರೆ ಗಾಡಿ ಕುಗ್ಗುವುದು ತಪ್ಪುವುದೇ ಹೊರತು ಶಾಫ್ಟು ದಪ್ಪವಾಗುವುದಿಲ್ಲ, ಬೇರಿಂಗು ದೊಡ್ಡದಾಗುವುದಿಲ್ಲ. ಹೊರೆ ಮೀರಿದೆಯೆಂದು ಕಣ್ಣಿಗೆ ತೋರಿಸುತ್ತಿದ್ದ ಒಂದೇ ಗುರುತನ್ನು ಅಳಿಸಿದಂತಾಗುವುದು, ಅಷ್ಟೆ. ಗಾಲಿಯನ್ನು ಹೊರಕ್ಕೆ ಚಾಚುವ ಅಗಲವಾದ ಡಿಸ್ಕುಗಳನ್ನು ಹಾಕಿಸುವುದೂ ಇಂಥದೇ ಅವಿವೇಕ; ಗಾಲಿ ಹೊರಕ್ಕೆ ಸರಿದಷ್ಟೂ ಶಾಫ್ಟು ಹೆಚ್ಚು ಬಾಗುವುದು.

ಹೆಚ್ಚು ಅಚ್ಚುಗಳು ಹೋಗುವುದು ಹೆದ್ದಾರಿಯಲ್ಲಲ್ಲ, ತೋಟದ ಬಾಯಿಯಲ್ಲಿ. ಮಳೆ ಬಿದ್ದ ಕೆಮ್ಮಣ್ಣಿನಲ್ಲಿ ಹಿಂದಿನ ಗಾಲಿಯೊಂದು ಹೂತಾಗ ಡಿಫರೆನ್ಷಿಯಲಿನ ಧರ್ಮದಂತೆ ಬಲವೆಲ್ಲ ಹಿಡಿತವಿಲ್ಲದ ಆ ಗಾಲಿಯ ಕಡೆ ಜಾರಿ, ಅದು ನಿಂತಲ್ಲಿಯೇ ಗಿರ್ರನೆ ತಿರುಗುವುದು. ಗೂಡಿನೊಳಗಿನ ಸಣ್ಣ ಚಕ್ರಗಳು ತಿರುವಿನಲ್ಲಿ ನಿಧಾನವಾಗಿ ತಿರುಗಲೆಂದು ಮಾಡಿದವು. ಹೀಗೆ ವೇಗವಾಗಿ ತಿರುಗಿಸಿದರೆ ಎಣ್ಣೆ ಸಾಲದೆ ಕಚ್ಚಿಕೊಳ್ಳುವುವು. ತಿರುಗುತ್ತಿರುವ ಗಾಲಿಗೆ ಕಲ್ಲು ಕೊಟ್ಟಾಗ ಅದು ಥಟ್ಟನೆ ಹಿಡಿದುಕೊಂಡು, ತಿರುಗುತ್ತಿದ್ದ ಎಂಜಿನ್ನಿನ ಏಟೆಲ್ಲ ಶಾಫ್ಟಿಗೆ ತಗಲುವುದು. ಗಾಲಿ ಹೂತರೆ ಎಂಜಿನನ್ನು ನಿಲ್ಲಿಸಿ, ನಾಲ್ಕು ಸಾಲು ಕ್ರೇಟು ಇಳಿಸಿ, ಹಲಗೆಯನ್ನೋ ಕಲ್ಲನ್ನೋ ಮೊದಲೇ ಕೊಟ್ಟು, ಕ್ಲಚ್ಚನ್ನು ಮೆಲ್ಲನೆ ಬಿಟ್ಟು ಎಬ್ಬಿಸಬೇಕು. ಹತ್ತು ನಿಮಿಷ ಹಿಡಿಯುವ ಕೆಲಸ. ಹಿಂದಿನ ಎರಡು ಗಾಲಿಗಳಿಗೆ ಒಂದು ಹೊಸ ಟೈರು, ಒಂದು ಸವೆದ ಟೈರು ಹಾಕಿದರೂ ಆ ಸಣ್ಣ ಚಕ್ರಗಳಿಗೆ ನೇರವಾದ ರಸ್ತೆಯಲ್ಲಿ ಕೂಡ ವಿಶ್ರಾಂತಿಯಿಲ್ಲ.

ಬಂಡಿಗೆ ಕೀಲೆಣ್ಣೆ ಹಾಕದೆ ಊರು ಬಿಡುವ ರೈತನು ಹಿಂದೆ ಇರಲಿಲ್ಲ. ಡಿಫರೆನ್ಷಿಯಲಿನ ಎಣ್ಣೆಯನ್ನು ಮಾತ್ರ ವರ್ಷಗಟ್ಟಲೆ ಬಿಚ್ಚಿ ನೋಡುವವರಿಲ್ಲ. ಕ್ರೌನ್ ಪಿನಿಯನ್ನಿನ ಹಲ್ಲುಗಳು ಉರುಳುವುದಲ್ಲದೆ ಒಂದರ ಮೇಲೊಂದು ಉಜ್ಜುವುದರಿಂದ ಸಾಧಾರಣ ಎಣ್ಣೆಯು ಅಲ್ಲಿ ನಿಲ್ಲದು. ಕೈಪಿಡಿಯಲ್ಲಿ ಹೇಳಿರುವ, ಸಾಮಾನ್ಯವಾಗಿ ಜಿ.ಎಲ್.-೫ ಎಂಬ ಗುರುತುಳ್ಳ ಗೇರ್ ಎಣ್ಣೆಯನ್ನೇ ಹಾಕಬೇಕು. ಸಮನೆಲದಲ್ಲಿ ನಿಲ್ಲಿಸಿ ಎಣ್ಣೆ ತುಂಬುವ ಬಿರಟೆಯನ್ನು ಬಿಚ್ಚಿದರೆ ಎಣ್ಣೆಯು ತೂತಿನ ಕೆಳಅಂಚಿನವರೆಗೆ ಇರಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ಫಕ್ಕನೆ ತಣಿದು ನೀರನ್ನು ಒಳಕ್ಕೆ ಎಳೆದುಕೊಳ್ಳುವುದು. ಅಂಥ ಎಣ್ಣೆಯನ್ನು ಆ ವಾರದಲ್ಲಿಯೇ ಬದಲಾಯಿಸತಕ್ಕದ್ದು. ಹೌಸಿಂಗ್ ಮೇಲಿನ ಉಸಿರುಗೊಳವೆಗೆ ಮಣ್ಣು ಮೆತ್ತಿಕೊಂಡರೆ ಒಳಗಿನ ಒತ್ತಡವು ಎಣ್ಣೆಯನ್ನು ಸೀಲುಗಳಿಂದ ಹೊರದಬ್ಬುವುದು. ಗಾಲಿಯ ಒಳಮಗ್ಗುಲು ಎಣ್ಣೆಯಿಂದ ಒದ್ದೆಯಾಗಿದ್ದರೆ ಬ್ರೇಕಿಗೂ ಅಪಾಯ.

ಒಮ್ಮೆ ಹೋದದ್ದು ಮತ್ತೆ ಮತ್ತೆ ಹೋಗುವುದಕ್ಕೆ ಮುಖ್ಯ ಕಾರಣವು ರಿಪೇರಿಯ ಅವಸರ. ಮಾರನೆಯ ದಿನದ ಕೊಯ್ಲಿಗೆ ಗಾಡಿ ಬೇಕೆಂದು ರಾತ್ರಿಯೇ ಮುರಿದ ಒಂದು ಭಾಗವನ್ನಷ್ಟೇ ಬದಲಾಯಿಸಿ ಕಳುಹಿಸುವರು. ಮುರಿದ ಹಲ್ಲಿನ ಪುಡಿಯು ಹೌಸಿಂಗ್ ತಳದಲ್ಲಿಯೇ ಉಳಿದು ಹೊಸ ಬೇರಿಂಗುಗಳನ್ನು ತಿನ್ನುವುದು. ಕ್ರೌನ್ ಚಕ್ರವನ್ನೂ ಪಿನಿಯನ್ನನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿ ಉಜ್ಜಿ ಹೊಂದಿಸಿರುವರು. ಒಂದನ್ನು ಹೊಸದು, ಒಂದನ್ನು ಹಳೆಯದು ಇಟ್ಟರೆ ಹೊಂದದ ಜೋಡೆತ್ತಿನಂತೆ ಎರಡೂ ಕೆಡುವುವು. ಹಲ್ಲುಗಳ ನಡುವಣ ಸಡಿಲವನ್ನು ಡಯಲ್ ಗೇಜಿನಿಂದ ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಎಲ್ಲಿ ತಾಗುವುದೆಂದು ನೋಡಿಯೇ ಜೋಡಿಸಬೇಕು. ಪಿನಿಯನ್ನಿನ ನಟ್ಟನ್ನು ಕೈಯಂದಾಜಿನಲ್ಲಿ ಬಲವಾಗಿ ಬಿಗಿದರೆ ಬೇರಿಂಗು ಸುಡುವುದು. ಸಡಿಲ ಬಿಟ್ಟರೆ ಹಲ್ಲು ಉದುರುವುದು. ಹೌಸಿಂಗ್ ಬಾಗಿದೆಯೇ ಎಂದು ಅಳೆಯದೆ ಎಷ್ಟು ಶಾಫ್ಟು ಹಾಕಿದರೂ ಅಷ್ಟೂ ಮುರಿಯುವುವು. ಮುರಿದ ಶಾಫ್ಟನ್ನು ವೆಲ್ಡಿಂಗ್ ಮಾಡಿಸುವುದಂತೂ ಕೂಡದು. ಆ ಉಕ್ಕಿಗೆ ಕಾಯಿಸಿ ತಣಿಸಿ ಕೊಟ್ಟಿದ್ದ ಹದವು ವೆಲ್ಡಿಂಗಿನ ಕಾವಿಗೆ ಕೆಟ್ಟುಹೋಗುವುದು. ಡಯಲ್ ಗೇಜಿಲ್ಲದ ಕಡೆ ಡಿಫರೆನ್ಷಿಯಲ್ ಬಿಚ್ಚಿಸುವುದಕ್ಕಿಂತ ಒಂದು ದಿನ ಬೇರೆ ಗಾಡಿಯನ್ನು ಬಾಡಿಗೆಗೆ ಹಿಡಿಯುವುದು ಅಗ್ಗ.

ಕೆಡುವ ಮುಂಚೆ ಗಾಡಿಯು ಸುಮ್ಮನಿರುವುದಿಲ್ಲ. ಕ್ಲಚ್ಚು ಬಿಟ್ಟೊಡನೆ ಹಿಂದೆ “ಟಕ್” ಎಂದು ಬಡಿಯುವುದು, ಎಳೆಯುವಾಗ ಊಳಿಡುವ ಸದ್ದು, ಗಾಲಿಯ ಗುಂಬವು ಮುಟ್ಟಲಾರದಷ್ಟು ಬಿಸಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ಹೊರೆ ಹಾಕಬಾರದು.

ಗ್ರಾಮದ ಮುಖ್ಯಸ್ಥರ ಕೈಯಲ್ಲಿರುವ ಕೆಲಸವೂ ಇದರಲ್ಲಿ ಸ್ವಲ್ಪವಲ್ಲ. ಪ್ರತಿ ಹಳ್ಳಿಯಲ್ಲಿಯೂ ಗಾಡಿಗಳು ಹೂಳುವ ಸ್ಥಳ ಎರಡೋ ಮೂರೋ ಇರುವುವು. ಕಾಲುವೆ ದಾಟುವ ತಗ್ಗು, ಏರಿಗೆ ಹತ್ತುವ ಕಡಿದಾದ ಜಾಡು, ಶ್ರೀನಿವಾಸಪುರದ ಕಡೆಯಾದರೆ ಮಾವಿನ ತೋಪಿನ ಕಲ್ಲುಮುರುಕಿನ ದಾರಿ. ಮಾವಿನ ಕೊಯ್ಲಿಗೆ ಮುಂಚೆ, ಏಪ್ರಿಲ್ ತಿಂಗಳೊಳಗಾಗಿ, ಪಂಚಾಯಿತಿಯಿಂದಲೋ ತೋಪಿನವರು ಕೂಡಿಯೋ ಅವಕ್ಕೆ ಕಲ್ಲುಹಾಸು ಹಾಕಿಸಬಹುದು.

ಬಾಡಿಗೆಯನ್ನು ಟ್ರಿಪ್ಪಿಗಿಷ್ಟೆಂದು ಗೊತ್ತುಮಾಡುವ ರೂಢಿಯಿರುವ ಕಡೆ ಬೆಳೆಗಾರನು ಒಂದೇ ಸಲಕ್ಕೆ ಎಲ್ಲವನ್ನೂ ತುಂಬಿಸಲು ನೋಡುವುದು ಸಹಜ. ಬೆಲೆ ಬಿದ್ದಾಗಲಂತೂ ಬಾಡಿಗೆ ಉಳಿದರೆ ಸಾಕೆಂಬ ಸ್ಥಿತಿ. ಸಾಲದ ಕಂತು ಕಟ್ಟಬೇಕಾದ ಚಾಲಕನಿಗೆ ಒಲ್ಲೆನೆನ್ನುವ ಧೈರ್ಯವಿರದು. ಕ್ರೇಟಿಗಿಷ್ಟೆಂದು ಗೊತ್ತುಮಾಡಿ, ವಾಹನಕ್ಕೆ ಇಷ್ಟೇ ಕ್ರೇಟೆಂದು ಊರಿನವರು ಒಪ್ಪಿಕೊಂಡರೆ ಇಬ್ಬರಿಗೂ ಮುಜುಗರ ತಪ್ಪುವುದು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೪ನೆಯ ಪ್ರಕರಣದಲ್ಲಿ, ೨೦೧೯ರ ತಿದ್ದುಪಡಿಯ ಮೇರೆಗೆ, ಹೊರೆ ಮೀರಿದ ವಾಹನಕ್ಕೆ ೨೦,೦೦೦ ರೂಪಾಯಿ ಜುಲ್ಮಾನೆಯನ್ನೂ ಹೆಚ್ಚಾದ ಒಂದೊಂದು ಟನ್ನಿಗೆ ೨,೦೦೦ ರೂಪಾಯಿಯನ್ನೂ ಗೊತ್ತುಪಡಿಸಿರುವುದನ್ನು ಆ ಸಂದರ್ಭದಲ್ಲಿ ಓದಿ ಹೇಳಬಹುದು. ಕೊಯ್ಲಿನ ಆಳುಗಳನ್ನು, ಅವರಲ್ಲಿ ಹೆಂಗಸರೇ ಹೆಚ್ಚು, ಸಂಜೆ ಕ್ರೇಟುಗಳ ಮೇಲೆ ಕುಳ್ಳಿರಿಸಿ ಕಳುಹಿಸುವ ಅಭ್ಯಾಸವನ್ನು ಮಾತ್ರ ಯಾವ ಒಪ್ಪಂದಕ್ಕೂ ಕಾಯದೆ ಇಂದೇ ನಿಲ್ಲಿಸತಕ್ಕದ್ದು. ಗಾಲಿ ಕಳಚಿದ ಗಾಡಿಯಿಂದ ಮೊದಲು ಬೀಳುವವರು ಅವರೇ.